ಕವುಚಿದ್ದೇ ಕವಚ: ಗೃಹಲೋಹವೇಷಶಾಸ್ತ್ರಕ್ಕೊಂದು ಪೀಠಿಕೆ

ಪ್ರತಿಯೊಂದು ಶಾಸ್ತ್ರಕ್ಕೂ ಒಬ್ಬ ಮೂಲಪುರುಷ ಇರಬೇಕೆಂಬುದು ಸಂಪ್ರದಾಯ. ಮನೆಯಲ್ಲೇ ಕೂತು ಕೈಯಾರೆ ಶಿರಸ್ತ್ರಾಣವನ್ನೂ ಕವಚವನ್ನೂ ಮಾಡಿಕೊಂಡು, ಯಾವ ಯುದ್ಧಕ್ಕೂ ಹೋಗದೆ ಬರೀ ವೇಷವಾಗಿ ತೊಡುವ ನಮ್ಮ ಶಾಸ್ತ್ರದ ಮೂಲಪುರುಷ ಸ್ಪೇನಿನ ಲಾ ಮಾಂಚಾ ಸೀಮೆಯವನು, ಮೇಲಾಗಿ ಕಾದಂಬರಿಯೊಳಗಿನವನು. 1605ರಲ್ಲಿ ಸರ್ವಾಂಟಿಸ್ ಅಚ್ಚು ಹಾಕಿಸಿದ ಪುಸ್ತಕದ ಮೊದಲ ಅಧ್ಯಾಯದಲ್ಲೇ ಡಾನ್ ಕ್ವಿಕ್ಸೋಟ್ ಮುತ್ತಜ್ಜಂದಿರ ಕಾಲದ, ತುಕ್ಕೂ ಬೂಷ್ಟೂ ಹಿಡಿದ ಕವಚವನ್ನು ಮೂಲೆಯಿಂದ ಎಳೆದು ತಿಕ್ಕುತ್ತಾನೆ. ತಲೆಗೆ ಮಾತ್ರ ಮುಖ ಮುಚ್ಚುವಂಥ ಪೂರ್ತಿ ಶಿರಸ್ತ್ರಾಣವಿಲ್ಲ, ಬರೀ ಲೋಹದ ಟೊಪ್ಪಿಗೆ. ಅದಕ್ಕೆ ರಟ್ಟಿನಲ್ಲಿ ಮುಖಕಾಪು ಮಾಡಿ ಜೋಡಿಸುತ್ತಾನೆ. ಗಟ್ಟಿಯಾಗಿದೆಯೋ ನೋಡೋಣವೆಂದು ಕತ್ತಿ ಹಿರಿದು ಹೊಡೆಯುತ್ತಾನೆ. ಮೊದಲ ಏಟಿಗೇ ವಾರದ ಕೆಲಸ ಚಿಂದಿ. ಮತ್ತೆ ಮಾಡುತ್ತಾನೆ, ಈ ಸಲ ಒಳಗೆ ಕಬ್ಬಿಣದ ಪಟ್ಟಿ ಕೊಟ್ಟು. ಎರಡನೆಯದನ್ನು ಹೊಡೆದು ನೋಡುವ ಗೋಜಿಗೆ ಹೋಗದೆ, ಇದಕ್ಕಿಂತ ಒಳ್ಳೆಯದು ಇರಲಾರದೆಂದು ತೀರ್ಮಾನಿಸಿಬಿಡುತ್ತಾನೆ. ಆ ತೀರ್ಮಾನದ ಗಳಿಗೆಯಲ್ಲಿ ನಮ್ಮ ಶಾಸ್ತ್ರ ಹುಟ್ಟಿತು.

ಇದನ್ನು ಬರೆಯುವ ಅಧಿಕಾರ ನಿನಗೆಲ್ಲಿಂದ ಬಂತು ಎನ್ನುವವರಿಗೆ ಒಂದು ಮಾತು. ಮೈಸೂರಿನ ನಮ್ಮ ಮನೆಯ ಹಿತ್ತಿಲಿನಲ್ಲಿ, ಒಗೆಯುವ ಕಲ್ಲಿನ ಪಕ್ಕ, ಹದಿನಾಲ್ಕು ತಿಂಗಳು ತಗಡು ಬಡಿದು ನಾನು ಒಂದು ಶಿರಸ್ತ್ರಾಣ, ಮುಕ್ಕಾಲು ಎದೆಗವಚ, ಒಂದು ತೋಳು ಮಾಡಿದ್ದೇನೆ. ಎಡತೋಳು. ಬಲಗೈ ಸದಾ ಸುತ್ತಿಗೆ ಹಿಡಿದಿದ್ದರಿಂದ ಅದರ ಅಳತೆ ತೆಗೆಯಲು ಬಿಡುವಾಗಲಿಲ್ಲ.

ಲಕ್ಷಣ ಪ್ರಕರಣ

ಗೃಹಕವಚವೆಂದರೇನು? ಲೋಹದ್ದಾಗಿರಬೇಕು, ಮನೆಯಲ್ಲಿ ಮಾಡಿದ್ದಾಗಿರಬೇಕು, ತೊಟ್ಟವನನ್ನು ಯಾರೂ ಹೊಡೆಯುವ ಸಂಭವ ಇರಬಾರದು. ಈ ಮೂರೂ ಕೂಡಿದ್ದು ಗೃಹಕವಚ. ಒಂದನ್ನು ಬಿಟ್ಟರೂ ಲಕ್ಷಣಕ್ಕೆ ಅತಿವ್ಯಾಪ್ತಿದೋಷ ಬರುತ್ತದೆ.

ಮೊದಲನೆಯದನ್ನು ಬಿಟ್ಟರೆ ಯಕ್ಷಗಾನದ ವೇಷಗಳೆಲ್ಲ ಒಳಗೆ ಬಂದುಬಿಡುತ್ತವೆ. ಅಲ್ಲಿನ ಕಿರೀಟ, ಭುಜಕೀರ್ತಿ, ಎದೆಪದಕಗಳು ಹಗುರ ಮರದಲ್ಲಿ ಕೆತ್ತಿ ಬೇಗಡೆ ಅಂಟಿಸಿದವು; ದೀಪದ ಬೆಳಕಿಗೆ ಅಪ್ಪಟ ಚಿನ್ನ. ರಾತ್ರಿಯಿಡೀ ಕುಣಿಯಬೇಕಾದವನು ಲೋಹದ ಗೋಜಿಗೆ ಹೋಗುವುದಿಲ್ಲ. ಈ ವಿವೇಕವನ್ನು ನಮ್ಮ ಶಾಸ್ತ್ರ ಗೌರವಿಸುತ್ತದೆ, ಪಾಲಿಸುವುದಿಲ್ಲ.

ಎರಡನೆಯದನ್ನು ಬಿಟ್ಟರೆ ಕರ್ಣ ಬರುತ್ತಾನೆ. ಲೋಕದಲ್ಲಿ ಅಳತೆಗೆ ಚಾಚೂ ತಪ್ಪದೆ ಕೂತ ಕವಚವೆಂದರೆ ಅವನದೊಂದೇ. ಅದು ಮನೆಯಲ್ಲಿ ಮಾಡಿದ್ದಲ್ಲ, ಹುಟ್ಟುತ್ತಲೇ ಬಂದದ್ದು. ಬಿಚ್ಚಲು ಕೊಂಡಿಯನ್ನೇ ಇಟ್ಟಿರಲಿಲ್ಲವಾದ್ದರಿಂದ ಕೊನೆಗೆ ಕತ್ತರಿಸಿ ತೆಗೆಯಬೇಕಾಯಿತು. ನಿರ್ಗಮದೋಷ ಎಂಬುದನ್ನು ಮುಂದೆ ಹೇಳಲಿದ್ದೇನೆ. ಅದರ ಪೌರಾಣಿಕ ಉದಾಹರಣೆ ಇದೇ.

ಮೂರನೆಯದನ್ನು ಬಿಟ್ಟರೆ ಆಸ್ಟ್ರೇಲಿಯಾದ ದರೋಡೆಕೋರ ನೆಡ್ ಕೆಲ್ಲಿ. ಅವನೂ ಅವನ ಸಂಗಡಿಗರೂ ನೇಗಿಲಿನಲ್ಲಿ ಮಣ್ಣು ಮಗುಚುವ ಕಬ್ಬಿಣದ ರೆಕ್ಕೆಗಳನ್ನು ಬಗ್ಗಿಸಿ ಕವಚ ಮಾಡಿಕೊಂಡು 1880ರ ಜೂನ್‌ನಲ್ಲಿ ಗ್ಲೆನ್‌ರೋವನ್ ಎಂಬಲ್ಲಿ ಪೊಲೀಸರ ಗುಂಡಿಗೆ ಎದುರು ನಿಂತರು. ಕೆಲ್ಲಿಯದು ಸುಮಾರು 44 ಕಿಲೋ ತೂಗುತ್ತಿತ್ತು. ಲೋಹ ಸರಿ, ಕೈಕೆಲಸವೂ ಸರಿ. ಆದರೆ ನಿಜವಾಗಿಯೂ ಹೊಡೆದರಲ್ಲ! ಆದ್ದರಿಂದ ಅವನು ನಮ್ಮ ಲಕ್ಷಣದಿಂದ ಹೊರಗೆ. ಸ್ಕೂಟರಿನ ಹೆಲ್ಮೆಟ್ಟು ಹೊರಗಿರುವುದೂ ಇದೇ ಕಾರಣಕ್ಕೆ.

ನಿರುಕ್ತ ಪ್ರಕರಣ, ಇದೇ ಶಾಸ್ತ್ರದ ಬೆನ್ನುಮೂಳೆ

‘ಕವಚ’ ಶಬ್ದ ಸಂಸ್ಕೃತದ್ದೆಂದು ಪಂಡಿತರು ಹೇಳುತ್ತಾರೆ. ಹೇಳಲಿ. ಹಿತ್ತಿಲಿನಲ್ಲಿ ಹದಿನಾಲ್ಕು ತಿಂಗಳು ಕಳೆದ ನನ್ನ ಸಿದ್ಧಾಂತ ಬೇರೆ: ಅದು ಅಚ್ಚಕನ್ನಡದ ‘ಕವುಚು’ ಧಾತುವಿನಿಂದ ಬಂದದ್ದು. ಪಾತ್ರೆಯನ್ನು ಕವುಚಿದರೆ ಕವಚ. ಪಂಡಿತರೊಬ್ಬರ ಮುಂದೆ ಇದನ್ನು ಮಂಡಿಸಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು, ಬೇರೇನೂ ಹೇಳಲಿಲ್ಲ. ಮೌನವನ್ನು ಸಮ್ಮತಿಯೆಂದು ಎಣಿಸಿದ್ದೇನೆ.

ವ್ಯುತ್ಪತ್ತಿ ಸುಳ್ಳೇ ಇರಲಿ, ವಸ್ತುಸ್ಥಿತಿಗೆ ಸಾಕ್ಷಿ ಬೇಕಾದಷ್ಟಿದೆ. ಹದಿನಾಲ್ಕನೆಯ ಶತಮಾನದ ಯುರೋಪಿನ ಯೋಧರು ತೊಡುತ್ತಿದ್ದ ‘ಬ್ಯಾಸಿನೆಟ್’ ಎಂಬ ಶಿರಸ್ತ್ರಾಣದ ಹೆಸರಿಗೆ ಹಳೆಯ ಫ್ರೆಂಚಿನಲ್ಲಿ ಪುಟ್ಟ ಬೋಗುಣಿ ಎಂದರ್ಥ. ಅದಕ್ಕೂ ಹಿಂದಿನ, ಇಡೀ ಮುಖ ಮುಚ್ಚುವ, ನೆತ್ತಿ ಚಪ್ಪಟೆಯಾದ ಶಿರಸ್ತ್ರಾಣವನ್ನು ಜರ್ಮನರು ‘ಟಾಪ್ಫ್‌ಹೆಲ್ಮ್’ ಎನ್ನುತ್ತಾರೆ. ಟಾಪ್ಫ್ ಎಂದರೆ ಮಡಕೆ. ಜಪಾನಿನ ಸಾಮುರಾಯಿಗಳ ಶಿರಸ್ತ್ರಾಣದ ಬುರುಡೆಭಾಗಕ್ಕೆ ‘ಹಾಚಿ’ ಎಂದು ಹೆಸರು. ಹಾಚಿ ಎಂದರೆ ಬಟ್ಟಲು. ಇಂಗ್ಲಿಷರು ಅಗಲ ಅಂಚಿನ ಇನ್ನೊಂದು ಬಗೆಯನ್ನು ಕೆಟಲ್ ಟೋಪಿಯೆಂದೇ ಕರೆದರು. ಇಷ್ಟು ದೂರದೂರದ ಜನ, ಒಬ್ಬರ ಮಾತು ಒಬ್ಬರಿಗೆ ತಿಳಿಯದವರು, ತಲೆಯ ಮೇಲಿನದನ್ನು ನೋಡಿದೊಡನೆ ಅಡುಗೆಮನೆಯನ್ನೇ ನೆನೆಸಿಕೊಂಡಿದ್ದಾರೆ.

ಅಷ್ಟೇ ಏಕೆ, ಒಳಗಿರುವ ತಲೆಯೇ ಪಾತ್ರೆ. ಲ್ಯಾಟಿನ್ನಿನಲ್ಲಿ ‘ಟೆಸ್ಟಾ’ ಎಂದರೆ ಮಣ್ಣಿನ ಗಡಿಗೆ. ಅದೇ ಸವೆದು ಫ್ರೆಂಚಿನಲ್ಲಿ ತಲೆಯ ಹೆಸರಾಯಿತು. ಸಂಸ್ಕೃತದ ‘ಕಪಾಲ’ ಭಿಕ್ಷೆಯ ಪಾತ್ರೆಯೂ ಹೌದು, ತಲೆಯ ಚಿಪ್ಪೂ ಹೌದು. ನಮ್ಮ ‘ಬುರುಡೆ’ಯಂತೂ ಕೇಳಲೇಬೇಡಿ: ಸೋರೆ ಒಣಗಿಸಿ ನೀರು ತುಂಬಿಕೊಳ್ಳುವುದೂ ಬುರುಡೆ, ಕುತ್ತಿಗೆಯ ಮೇಲಿರುವುದೂ ಬುರುಡೆ, ನಾನು ಈಗ ಬಿಡುತ್ತಿರುವುದೂ ಅದೇ ಎಂದು ನನ್ನ ಹೆಂಡತಿ.

ಈ ತತ್ತ್ವವನ್ನು ಕಂಡವರಲ್ಲೂ ಮೂಲಪುರುಷನೇ ಮೊದಲಿಗ. ಮಳೆ ಬಂತೆಂದು ಹಿತ್ತಾಳೆಯ ಬೋಗುಣಿಯನ್ನು ತಲೆಗೆ ಕವುಚಿಕೊಂಡು ಹೊರಟಿದ್ದ ಒಬ್ಬ ಕ್ಷೌರಿಕನನ್ನು ಕಂಡು, ಅದು ಮಾಂಬ್ರಿನೋ ಎಂಬ ರಾಜನ ಪ್ರಸಿದ್ಧ ಶಿರಸ್ತ್ರಾಣವೇ ಎಂದು ಡಾನ್ ಕ್ವಿಕ್ಸೋಟ್ ಕಿತ್ತುಕೊಳ್ಳುತ್ತಾನೆ. ಬೋಗುಣಿಯೋ ಶಿರಸ್ತ್ರಾಣವೋ ಎಂದು ಮುಂದೆ ಒಂದು ಛತ್ರದಲ್ಲಿ ದೊಡ್ಡ ವಾದವೇ ಆಗುತ್ತದೆ. ಒಡೆಯನಿಗೂ ಬೇಸರವಾಗಬಾರದು, ಸುಳ್ಳೂ ಆಗಬಾರದು ಎಂದು ಅವನ ಸೇವಕ ಸಾಂಕೋ ಎರಡನ್ನೂ ಬೆಸೆದು ‘ಬಾಸಿಯೆಲ್ಮೊ’ ಎಂಬ ಹೊಸ ಪದ ಟಂಕಿಸುತ್ತಾನೆ. ಕನ್ನಡದಲ್ಲಿ ‘ಬೋಗುಣಿತ್ರಾಣ’ ಎನ್ನಬಹುದೇನೋ. ಈ ಶಾಸ್ತ್ರದ ಅತ್ಯುನ್ನತ ಪಾರಿಭಾಷಿಕ ಪದ ಒಬ್ಬ ಕತ್ತೆ ಸವಾರನ ಬಾಯಲ್ಲಿ ಬಂತು.

ನನ್ನ ಕಥೆಯೂ ಪಾತ್ರೆಯಿಂದಲೇ ಶುರು. ಅಟ್ಟದಲ್ಲಿ ಅಮ್ಮನ ತವರಿನ ಒಂದು ಹಿತ್ತಾಳೆ ತಪ್ಪಲೆ ಇದೆ. ಬಾಯಗಲ ಒಂಬತ್ತಂಗುಲಕ್ಕೆ ಕೊಂಚ ಕಡಿಮೆ, ತಳ ದುಂಡು. ಅಕ್ಕನ ಮಗ ಬೆಂಗಳೂರಿನ ಕಾಮಿಕ್ ಕಾನ್‌ಗೆ ಯೋಧನ ವೇಷ ಹಾಕಬೇಕು ಎಂದಾಗ ನನ್ನ ಕಣ್ಣು ಸೀದಾ ಅಟ್ಟಕ್ಕೆ ಹೋಯಿತು. ಏಣಿಯನ್ನೂ ಹಾಕಿದ್ದೆ. ಅಮ್ಮ ಕೆಳಗೆ ನಿಂತು, “ಅದಕ್ಕೆ ತೂತು ಹಾಕಿದರೆ ನಾನು ಈ ಮನೆಯಲ್ಲಿ ಊಟ ಮಾಡೋದಿಲ್ಲ ಕಣೋ” ಎಂದರು. ಏಣಿ ಇಳಿದೆ. ತಗಡು ತರಲು ಹೋದೆ.

ಅಧಿಕಾರಿ ಪ್ರಕರಣ

ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಬೆಳಕಿಗೆ ಬಂದದ್ದು ನಮ್ಮೂರಿನ ಓರಿಯಂಟಲ್ ಲೈಬ್ರರಿಯಲ್ಲಿ; ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದರು. ಅದರ ಆಯುಧಾಗಾರದ ಅಧ್ಯಾಯದಲ್ಲಿ ಮೈಕಾಪುಗಳ ಪಟ್ಟಿಯಿದೆ: ಶಿರಸ್ತ್ರಾಣ, ಕಂಠತ್ರಾಣ, ಮುಂಡಕ್ಕೆ ಕೂರ್ಪಾಸ, ಮೊಣಕಾಲಿನವರೆಗೆ ಕಂಚುಕ, ಹಿಮ್ಮಡಿ ಮುಟ್ಟುವ ವಾರವಾಣ, ತೋಳಿಲ್ಲದ ಪಟ್ಟ, ಕೈಗೆ ನಾಗೋದರಿಕೆ. ಇದರಲ್ಲಿ ಕೂರ್ಪಾಸವೇ ಮುಂದೆ ನಮ್ಮ ಹೆಣ್ಣುಮಕ್ಕಳ ಕುಪ್ಪಸವಾಯಿತು. ಯುದ್ಧಭೂಮಿಯಿಂದ ಮದುವೆಯ ಜವಳಿಗೆ ಬಂದ ಪದ. ಕೌಟಿಲ್ಯ ಮುಚ್ಚುವ ಅಂಗವನ್ನು ಹಿಡಿದು ವಿಂಗಡಿಸಿದ. ಮಾಡುವವನನ್ನು ವಿಂಗಡಿಸಲಿಲ್ಲ. ಅವನಿಗೆ ಸಂಬಳ ಕೊಟ್ಟು ಇಟ್ಟುಕೊಂಡ ಕಸುಬುದಾರರಿದ್ದರು, ಹವ್ಯಾಸಿಗಳ ಕಾಟ ಇರಲಿಲ್ಲ.

ನಮ್ಮಲ್ಲಿ ಮಾಡುವವರು ನಾಲ್ಕು ಬಗೆ. ‘ನಾಳೆಬೆಳಗಿನವರು’ ಮೊದಲನೆಯವರು: ಶಾಲೆಯ ಫ್ಯಾನ್ಸಿ ಡ್ರೆಸ್ಸು ನಾಳೆ ಇದೆಯೆಂದು ಇವತ್ತು ರಾತ್ರಿ ಎಂಟಕ್ಕೆ ತಿಳಿದ ತಂದೆಯರು. ಇವರ ದ್ರವ್ಯ ಬಿಸ್ಕತ್ತಿನ ಡಬ್ಬ, ಉಪಕರಣ ಅಡುಗೆಮನೆಯ ಕತ್ತರಿ, ಫಲ ಹೆಬ್ಬೆರಳಿಗೆ ಪಟ್ಟಿ. ಎರಡನೆಯವರು ನಾಟಕದವರು. ತುಮಕೂರು, ಮಂಡ್ಯದ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡುವಾಗ ವೇಷ ಬಾಡಿಗೆಗೆ ಬರುತ್ತದೆ, ಆದರೆ ಭೀಮನ ಪಾತ್ರಕ್ಕೆ ದುಡ್ಡು ಕಟ್ಟಿದವನಿಗೆ ಬಾಡಿಗೆ ಕಿರೀಟ ತಲೆಗೆ ಹಿಡಿಯದೆ ಹೋಗಬಹುದು. ಆಗ ಊರಿನ ವೆಲ್ಡಿಂಗ್ ಶಾಪಿನವನೇ ವಿಶ್ವಕರ್ಮ. ಮೂರನೆಯವರು ಸಿನಿಮಾ ನೋಡಿದವರು. ನನ್ನ ಸೋದರಳಿಯ ಈ ಪಂಗಡ. ನಾಲ್ಕನೆಯವರು, ಯಾರಿಗೋ ಮಾಡಿಕೊಡಲು ಹೊರಟು, ಆ ಯಾರೋ ಬೇಡವೆಂದ ಮೇಲೂ ನಿಲ್ಲಿಸಲಾರದವರು. ನಿಜವಾದ ಅಧಿಕಾರಿಗಳು ಇವರೇ. ಸೋದರಳಿಯ ಎರಡನೆಯ ತಿಂಗಳಲ್ಲೇ ಯೋಗದ ಚಾಪೆಯಂಥ ಫೋಮು ತಂದು, ಬಿಸಿಗಾಳಿ ಊದಿ ಬಗ್ಗಿಸಿ, ಬೆಳ್ಳಿಬಣ್ಣ ಹೊಡೆದು, ಒಂದು ವಾರದಲ್ಲಿ ತಲೆಯಿಂದ ಹಿಮ್ಮಡಿವರೆಗೆ ಮುಗಿಸಿ, ತೊಟ್ಟು, ಬಹುಮಾನವನ್ನೂ ತಂದ. “ಮಾಮ, ನಿಮ್ಮದು ಎಲ್ಲಿಗೆ ಬಂತು?” ಎಂದು ಆಗಾಗ ಫೋನು ಮಾಡುತ್ತಾನೆ. ಫೋಮು ಲೋಹಾಭಾಸ. ಬೇಗಡೆಯ ಮರಕ್ಕೆ ಕೊಟ್ಟ ಗೌರವವನ್ನು ಅದಕ್ಕೆ ಕೊಡಲು ನನ್ನ ಮನಸ್ಸು ಒಪ್ಪದು. ಇದು ತರ್ಕವಲ್ಲ, ಹೊಟ್ಟೆಕಿಚ್ಚು.

ದ್ರವ್ಯ ಪ್ರಕರಣ

ತಗಡುಗಳಲ್ಲಿ ಅತ್ಯಂತ ಸುಲಭಸಾಧ್ಯವಾದದ್ದು ಹದಿನೈದು ಕಿಲೋ ಎಣ್ಣೆಯ ಚೌಕ ಡಬ್ಬ. ನಾಲ್ಕು ಮಗ್ಗುಲನ್ನು ಬಿಡಿಸಿದರೆ ಮೂರಡಿ ಉದ್ದದ ಒಂದು ಪಟ್ಟಿ ಸಿಗುತ್ತದೆ. ತಗಡು ಕತ್ತರಿಗೆ ಬೆಣ್ಣೆಯಂತೆ ಒದಗುತ್ತದೆ. ಅಂಚು ಕೈಯನ್ನೂ ಬೆಣ್ಣೆಯಂತೆಯೇ ಕೊಯ್ಯುತ್ತದೆ. ಸುತ್ತಿಗೆ ಬಿದ್ದಲ್ಲಿ ಗುಳಿ ಬೀಳುತ್ತದೆ, ಉಬ್ಬುವುದಿಲ್ಲ. ಎಷ್ಟು ಉಜ್ಜಿದರೂ ಒಳಗಿನಿಂದ ಶೇಂಗಾ ಎಣ್ಣೆಯ ವಾಸನೆ ಬಿಡದು. ನನ್ನ ಮೊದಲ ಶಿರಸ್ತ್ರಾಣ ಇದರದೇ. ಅದನ್ನು ತೊಟ್ಟರೆ ಯುದ್ಧಕ್ಕಿಂತ ಬೋಂಡ ನೆನಪಾಗುತ್ತಿತ್ತು.

ಗ್ಯಾಲ್ವನೈಸ್ ಮಾಡಿದ ತಗಡು, ಅಂಗಡಿಯ ಮಾತಿನಲ್ಲಿ ಜಿಐ ಶೀಟು, ನೋಡಲು ಬೆಳ್ಳಗೆ, ಕ್ರಯಕ್ಕೆ ಅಗ್ಗ. ಇಲ್ಲಿ ಹಾಸ್ಯ ಬದಿಗಿಟ್ಟು ಹೇಳಬೇಕು: ಅದರ ಮೈಮೇಲಿರುವುದು ಸತು. ಕಾಯಿಸಿದರೆ, ವೆಲ್ಡಿಂಗ್ ಮಾಡಿದರೆ ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದವನಿಗೆ ಕೆಲವು ಗಂಟೆ ಕಳೆದು ಚಳಿ, ಜ್ವರ, ಮೈಕೈ ನೋವು. ಫ್ಲೂ ಬಂದ ಹಾಗೆಯೇ. ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಇಳಿಯುತ್ತದೆ. ತಣ್ಣಗಿದ್ದಾಗ ಬಗ್ಗಿಸಿ ರಿವೆಟ್ ಹೊಡೆಯಿರಿ, ಬೆಂಕಿಯ ಹತ್ತಿರ ಒಯ್ಯಬೇಡಿ.

ಹದವಾದ ಕಬ್ಬಿಣದ ತಗಡು ಈ ಶಾಸ್ತ್ರದ ಅನ್ನ. ವೇಷಕ್ಕೆ 18 ಗೇಜು ಸಾಕು, ಎಂದರೆ ಸುಮಾರು 1.2 ಮಿಲಿಮೀಟರು. ಗೇಜಿನ ಲೆಕ್ಕ ಉಲ್ಟಾ ಎಂಬುದನ್ನು ಶಿಷ್ಯರು ಮರೆಯಬಾರದು. ಅಂಕಿ ಇಳಿದಂತೆ ತಗಡು ದಪ್ಪವಾಗುತ್ತದೆ. “ಇನ್ನೂ ಗಟ್ಟಿ ಇರಲಿ” ಎಂದು ಅಂಗಡಿಯಲ್ಲಿ ಇಪ್ಪತ್ತೆರಡು ಕೇಳಿ ಪೇಪರಿನಂಥದ್ದನ್ನು ಹೊತ್ತು ತಂದವನು ನಾನೊಬ್ಬನೇ ಇರಲಾರೆ. ಮುಖ, ಕುತ್ತಿಗೆ ಸೇರಿ ಒಂದು ಶಿರಸ್ತ್ರಾಣಕ್ಕೆ ಹೆಚ್ಚುಕಡಿಮೆ ಕಾಲು ಚದರ ಮೀಟರ್ ತಗಡು ಹಿಡಿಯುತ್ತದೆ. 18 ಗೇಜು ಕಬ್ಬಿಣವಾದರೆ ಎರಡು ಕಿಲೋ ಮುನ್ನೂರು ಗ್ರಾಂ ದಾಟುತ್ತದೆ. ಒಂದೂವರೆ ಮಿಲಿಮೀಟರಿನ ಅಲ್ಯೂಮಿನಿಯಂ ಆದರೆ ಒಂದು ಕಿಲೋ. ಹದಿನೈದನೆಯ ಶತಮಾನದ ಯುರೋಪಿನ ಪೂರ್ತಿ ಕವಚ 20ರಿಂದ 25 ಕಿಲೋ ಇರುತ್ತಿತ್ತು ಮತ್ತು ಮೈಮೇಲೆಲ್ಲ ಹಂಚಿಕೊಂಡು ಕೂರುತ್ತಿತ್ತು. ಗೃಹಕವಚ ಅದರ ಅರ್ಧ ತೂಗಿದರೂ ಇಡಿಯಾಗಿ ಒಂದೇ ಭುಜದ ಮೇಲೆ ಕೂರುತ್ತದೆ.

ಅಲ್ಯೂಮಿನಿಯಂ ಒಳ್ಳೆಯ ಹುಡುಗ, ಆದರೆ ಮನಸ್ಸಿನಲ್ಲಿರುವುದನ್ನು ಹೇಳುವುದಿಲ್ಲ. ಬಡಿಯುತ್ತ ಹೋದಂತೆ ಲೋಹ ಬಿಗಿಯುತ್ತದೆ. ಮತ್ತೆ ಮೆತ್ತಗಾಗಲು ಕಾಯಿಸಬೇಕು. ಕಬ್ಬಿಣ, ಹಿತ್ತಾಳೆ ಕೆಂಪಗಾಗಿ ಸೂಚನೆ ಕೊಡುತ್ತವೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಕೆಂಪಾಗುವ ಮುನ್ನವೇ ಕೈಬಿಟ್ಟು ಹೋಗುತ್ತದೆ. ಅದಕ್ಕೆ ಬಲ್ಲವರ ಉಪಾಯ ಸೋಪು. ತಗಡಿನ ಮೇಲೆ ಬಟ್ಟೆ ಸೋಪಿನಿಂದ ಗೀಟು ಎಳೆದು ಕಾಯಿಸುತ್ತ ಹೋಗುವುದು. ಗೀಟು ಕಂದಾಗಿ ಕಪ್ಪಿಗೆ ತಿರುಗಿದೊಡನೆ ಬೆಂಕಿ ತೆಗೆಯುವುದು. ಹಿತ್ತಿಲಿನ ಒಗೆಯುವ ಕಲ್ಲಿನಿಂದ ಸೋಪು ಕಾಣೆಯಾದ ಪ್ರಕರಣದಲ್ಲಿ ಮೂರು ವಾರ ಕಾಗೆಯ ಮೇಲೆ ಅಪವಾದವಿತ್ತು.

ಸ್ಟೇನ್‌ಲೆಸ್ ಸ್ಟೀಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತು ಏಟಿಗೆ ಬಿಗಿದುಕೊಳ್ಳುತ್ತದೆ, ಡ್ರಿಲ್ ಬಿಟ್ಟು ತಿನ್ನುತ್ತದೆ. ಕಂಚೂ ಮನೆಯದಲ್ಲ, ಗಂಟೆ, ಜಾಗಟೆಗಳ ಕಂಚಿನಲ್ಲಿ ತವರದ ಪಾಲು ಹೆಚ್ಚು, ತಣ್ಣಗಿದ್ದಾಗ ಬಡಿದರೆ ಒಡೆಯುತ್ತದೆ, ಕುಲುಮೆಯಲ್ಲಿ ಕಾದಿರುವಾಗಲೇ ಮಣಿಸಬೇಕು. ಅದು ಕಂಚುಗಾರರ ಪಾಡು.

ಉಳಿದದ್ದು ಹಿತ್ತಾಳೆ. ತಾಮ್ರಕ್ಕೆ ಸತು ಬೆರೆತ ಈ ಲೋಹ ಕಬ್ಬಿಣಕ್ಕಿಂತ ಭಾರ, ಕ್ರಯ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೂ ಮಂದ ಕೆಂಪಿಗೆ ಕಾಯಿಸಿ ಆರಿಸಿದ ಹಿತ್ತಾಳೆ ತಗಡು ಸುತ್ತಿಗೆಯ ಕೆಳಗೆ ಹರಿಯುವ ಬಗೆಯನ್ನು ಒಮ್ಮೆ ಕಂಡವನು ಬೇರೆಯದಕ್ಕೆ ಮರಳಲಾರ. ನನ್ನ ಮೂರನೆಯ ಮತ್ತು ಅಂತಿಮ ಶಿರಸ್ತ್ರಾಣ ಹಿತ್ತಾಳೆಯದು. ಹೊಳಪಿಗೆ ಹುಣಸೆಹಣ್ಣು. ಅಮ್ಮ ಈ ಶಾಸ್ತ್ರಕ್ಕೆ ಒಪ್ಪಿಗೆಯಿಂದ ಕೊಟ್ಟ ದ್ರವ್ಯ ಅದೊಂದೇ, ಅದೂ ಹಳೆಯ ಹುಣಸೆ.

ಕ್ರಿಯಾ ಪ್ರಕರಣ, ದೋಷಗಳ ಸಮೇತ

ತಗಡನ್ನು ಬಟ್ಟಲಾಗಿಸಲು ಎರಡು ದಾರಿ. ಒಳಗಿನಿಂದ ಬಡಿದು ತಗ್ಗಿಸುವುದು ಒಂದು, ಹೊರಗಿನಿಂದ ಬಡಿದು ಏಳಿಸುವುದು ಇನ್ನೊಂದು. ತಗ್ಗಿಸುವುದಕ್ಕೆ ಮರದ ಕೊರಡಿನ ನೆತ್ತಿಯಲ್ಲಿ ಬಟ್ಟಲಿನಂಥ ಕುಳಿ ತೋಡಿ, ತಗಡನ್ನು ಅದರ ಮೇಲಿಟ್ಟು, ದುಂಡು ಮುಖದ ಸುತ್ತಿಗೆಯಿಂದ ಸುತ್ತುಸುತ್ತಾಗಿ ಬಡಿಯಬೇಕು. ನಡುಭಾಗ ಹಿಗ್ಗಿ ತೆಳುವಾಗುತ್ತದೆ, ಅಂಚು ಹಪ್ಪಳದಂತೆ ಅಲೆಯಲೆಯಾಗಿ ಏಳುತ್ತದೆ. ಆ ಅಲೆಗಳನ್ನು ಆಗಾಗಲೇ ಬಡಿದು ಕೂರಿಸದಿದ್ದರೆ ಮಡಿಕೆ ಬಿದ್ದು ಸೀಳುತ್ತವೆ. ಏಳಿಸುವುದೆಂದರೆ ಗುಂಡುತಲೆಯ ಕಬ್ಬಿಣದ ಗೂಟದ ಮೇಲೆ ತಗಡನ್ನು ಕವುಚಿ (ಗಮನಿಸಿ, ಕವುಚಿ), ಹೊರಮೈಯನ್ನು ಸಾಲುಸಾಲಾಗಿ ಬಡಿದು ಒಳಕ್ಕೆ ಕುಗ್ಗಿಸುವುದು. ಇದರಲ್ಲಿ ತಗಡು ತೆಳುವಾಗುವುದಿಲ್ಲ, ತಾಳ್ಮೆ ಆಗುತ್ತದೆ.

ಕೊರಡಿಗೆ ಹುಣಸೆಮರಕ್ಕೆ ಸಮ ಇನ್ನೊಂದಿಲ್ಲ, ಎಷ್ಟು ಬಡಿದರೂ ಸೀಳದು. ಮಾಂಸದ ಅಂಗಡಿಯವರು ಅದನ್ನೇ ಇಟ್ಟುಕೊಳ್ಳುವುದು ಅದಕ್ಕೇ. ನಾನು ತಂದದ್ದು ಸಾಮಿಲ್ಲಿನಿಂದ, ರಸೀದಿಯೂ ಇದೆ. ಅಮ್ಮ ರಸೀದಿಯನ್ನು ಓದಿ ನೋಡಿ, ಕೊರಡಿನ ಮೇಲೆ ಮೂರು ಸಲ ಗಂಜಲ ಚಿಮುಕಿಸಿದರು.

ಇಷ್ಟು ಕಷ್ಟಪಡಲಾರದವರಿಗೆ ತುಂಡುಗಳ ದಾರಿಯಿದೆ. ನೆತ್ತಿಯಲ್ಲಿ ಕೂಡುವ ನಾಲ್ಕು ಅಥವಾ ಆರು ಪಟ್ಟಿಗಳ ಚೌಕಟ್ಟು, ನಡುವಿನ ಸಂದುಗಳಿಗೆ ಎಲೆಯಾಕಾರದ ತಗಡು, ಎಲ್ಲಕ್ಕೂ ರಿವೆಟ್ಟು. ರೋಮ್ ಸಾಮ್ರಾಜ್ಯದ ಕೊನೆಗಾಲದಿಂದ ಮುಂದಕ್ಕೆ ಯುರೋಪಿನಲ್ಲಿ ಬಳಕೆಯಲ್ಲಿದ್ದ ಈ ಬಗೆಗೆ ‘ಸ್ಪ್ಯಾಂಗನ್‌ಹೆಲ್ಮ್’ ಎಂದು ಹೆಸರು. ನನ್ನದು ಇದೇ. ರಿವೆಟ್ಟಿಗೆ ದಪ್ಪ ತಲೆಯ ಮೊಳೆ ಕತ್ತರಿಸಿ ತುದಿ ಬಡಿದರೆ ಸಾಕು. ಪಾಪ್ ರಿವೆಟ್ ಹೊಡೆಯುವವರೂ ಇದ್ದಾರೆ. ನಡುವೆ ತೂತು ಕಾಣುವ ಆ ರಿವೆಟ್ಟನ್ನು ಕಂಡಾಗಲೆಲ್ಲ ನನಗೆ ಪ್ಲಾಸ್ಟಿಕ್ ಬಾಳೆಎಲೆ ನೆನಪಾಗುತ್ತದೆ.

ಇನ್ನು ದೋಷಗಳು. ಶಾಸ್ತ್ರಜ್ಞರು ದೋಷಗಳನ್ನು ಕಡೆಗಿಡುತ್ತಾರೆ, ಹಿತ್ತಿಲಿನಲ್ಲಿ ಅವು ಮೊದಲು ಬರುತ್ತವೆ.

ಎಲ್ಲಕ್ಕೂ ಹಿರಿಯದು ಪರಿಧಿದೋಷ. ನನ್ನ ತಲೆಯ ಸುತ್ತಳತೆ 57 ಸೆಂಟಿಮೀಟರು. ಒಳಗೆ ಮೆತ್ತೆಗೆ ಸುತ್ತಲೂ ಎರಡು ಸೆಂಟಿಮೀಟರ್ ಬಿಡಬೇಕು. ಈ ಕಡೆ ಎರಡು, ಆ ಕಡೆ ಎರಡು, ಒಟ್ಟು ನಾಲ್ಕು, 61ಕ್ಕೆ ಕತ್ತರಿಸಿದೆ. ಮೆತ್ತೆ ಒಳಗೆ ಹೋದರೆ ತಲೆ ಹೋಗದು, ತಲೆ ಹೋದರೆ ಮೆತ್ತೆ ಹೋಗದು. ಕೂಡಿಸಬೇಕಿದ್ದದ್ದು ವ್ಯಾಸಕ್ಕೆ ನಾಲ್ಕು. ಸುತ್ತಳತೆಗೆ ಅದರ ಮೂರು ಪಾಲಿಗೂ ಮೇಲೆ, ಹನ್ನೆರಡೂವರೆ. ಆರ್ಯಭಟ 499ರಲ್ಲೇ ಈ ಅನುಪಾತವನ್ನು ನಾಲ್ಕು ದಶಮಾಂಶದವರೆಗೆ ಕೊಟ್ಟಿದ್ದಾನೆ. ನನ್ನ ಮೊದಲ ಎರಡು ಶಿರಸ್ತ್ರಾಣಗಳು ಅದಕ್ಕೆ ಹಿಂದಿನ ಕಾಲದವು.

ಎರಡನೆಯದು ಅಂಡದೋಷ. ಪಾತ್ರೆ ದುಂಡು, ತಲೆ ಕೋಳಿಮೊಟ್ಟೆ. ಹಣೆಯಿಂದ ಹೆಡಕಿಗಿರುವ ದೂರ ಕಿವಿಯಿಂದ ಕಿವಿಗೆ ಇರುವುದಿಲ್ಲ. ದುಂಡಗೆ ಮಾಡಿದ ಶಿರಸ್ತ್ರಾಣ ಹಿಂದೆಮುಂದೆ ಬಿಗಿದು ಪಕ್ಕಗಳಲ್ಲಿ ಗಾಳಿಯಾಡುತ್ತದೆ, ತಲೆ ತಿರುಗಿಸಿದರೆ ತಾನು ತಿರುಗದೆ ಅಲ್ಲೇ ನಿಂತಿರುತ್ತದೆ. ಒಳಗಿನ ಕಣ್ಣು ರಸ್ತೆಯನ್ನು ನೋಡುತ್ತಿದ್ದರೆ ಹೊರಗಿನ ಕಣ್ಣು ಪಕ್ಕದ ಮನೆಯನ್ನು ನೋಡುತ್ತದೆ. ಇದಕ್ಕೆ ಪರಿಹಾರವಾಗಿ ಹಳೆಯ ಕೌದಿಯ ತುಂಡು ತುಂಬಿದೆ, ಸಾಲಲಿಲ್ಲ. ಕಡೆಗೆ ಒಳಗೆ ಸಿಂಬೆ ಇಟ್ಟೆ, ನೀರಿನ ಕೊಡ ಹೊರುವವರು ನೆತ್ತಿಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ. ಒಡನೆ ಅಲುಗದೆ ಕೂತಿತು. ಕೊಡ ನೆಟ್ಟಗಿರಲಿ, ಕವುಚಿರಲಿ, ತಲೆಗೂ ಪಾತ್ರೆಗೂ ನಡುವೆ ಬೇಕಾದದ್ದು ಸಿಂಬೆಯೇ. ನಿರುಕ್ತ ಪ್ರಕರಣಕ್ಕೆ ಇದಕ್ಕಿಂತ ಪ್ರತ್ಯಕ್ಷ ಪ್ರಮಾಣ ಬೇಕೆ?

ಮೂರನೆಯದು ನಿರ್ಗಮದೋಷ. ಕತ್ತಿನ ಹತ್ತಿರ ಚೆಲುವಾಗಿ ಕಿರಿದಾಗುವ ಶಿರಸ್ತ್ರಾಣದೊಳಗೆ ತಲೆ ಹೋಗುವಾಗ ಕಿವಿಗಳು ಮೇಲಕ್ಕೆ ಮಡಚಿಕೊಂಡು ದಾರಿ ಬಿಡುತ್ತವೆ, ಬರುವಾಗ ಬಿಡುವುದಿಲ್ಲ. ಎಣ್ಣೆ ಡಬ್ಬದ ಶಿರಸ್ತ್ರಾಣದೊಳಗೆ ನಾನು ಒಂದು ಭಾನುವಾರ ಸಂಜೆ ನಲವತ್ತು ನಿಮಿಷ ಇದ್ದೆ. ಹೆಂಡತಿ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು, “ರೀ, ಮೊದಲು ನಗು ನಿಲ್ಲಲಿ, ಆಮೇಲೆ ಹಾಕ್ತೀನಿ” ಎಂದು ಮೆಟ್ಟಿಲ ಮೇಲೆ ಕೂತಿದ್ದಳು. ಮುಖ ಮುಚ್ಚುವ ಭಾಗಕ್ಕೆ ಕೀಲು ಇಡಿ. ಬೇರೇನೂ ಕಲಿಯದಿದ್ದರೂ ಇದನ್ನು ಕಲಿಯಿರಿ.

ಕಂಗೆಟ್ಟವರಿಗೆ ಒಂದು ಸಮಾಧಾನ. 1939ರಲ್ಲಿ ಇಂಗ್ಲೆಂಡಿನ ಸಟನ್ ಹೂ ದಿಬ್ಬದಲ್ಲಿ ಸಿಕ್ಕ ಶಿರಸ್ತ್ರಾಣ ಐನೂರಕ್ಕೂ ಹೆಚ್ಚು ಚೂರಾಗಿತ್ತು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಹರ್ಬರ್ಟ್ ಮೇರಿಯನ್ ಅದನ್ನು ನಲವತ್ತರ ದಶಕದ ನಡುವಿನಲ್ಲಿ ಕೂಡಿಸಿದ. ಲೋಹಗೆಲಸದ ಮೇಲೆ ಪುಸ್ತಕವನ್ನೇ ಬರೆದಿದ್ದ ದೊಡ್ಡ ಕುಶಲಿ ಅವನು. ಆದರೂ ಅದು ಸರಿಯಿಲ್ಲವೆಂದು 1970ರಲ್ಲಿ ಬಿಚ್ಚಿ, ನೈಜೆಲ್ ವಿಲಿಯಮ್ಸ್ ಮತ್ತೆ ಮೊದಲಿನಿಂದ ಜೋಡಿಸಬೇಕಾಯಿತು. ಎರಡನೆಯ ಸಲಕ್ಕೆ ಕೂತರೆ ಮ್ಯೂಸಿಯಮ್ಮಿನ ಸಮ, ಮೂರನೆಯ ಸಲಕ್ಕೆ ಕೂತರೆ ನನ್ನ ಸಮ.

ಶಬ್ದ ಪ್ರಕರಣ

ಇದು ಪಕ್ಕದ ಮನೆಯವರು ರಚಿಸಿದ್ದು, ನಾನು ಲಿಪಿಕಾರ ಮಾತ್ರ. ಅವರ ಮತದಲ್ಲಿ ಅಲ್ಯೂಮಿನಿಯಂ ‘ಟಪ್’, ಕಬ್ಬಿಣ ‘ಢಣ್’, ಹಿತ್ತಾಳೆ ಮೊದಲು ‘ಠಣ್’, ಬಿಗಿದ ಮೇಲೆ ‘ಠೀಂ’. ಈ ಕೊನೆಯ ಸೂಕ್ಷ್ಮ ನನಗೇ ಹೊಳೆದಿರಲಿಲ್ಲ. ‘ಠೀಂ’ ಕೇಳಿದರೆ ಲೋಹವನ್ನು ಮತ್ತೆ ಕಾಯಿಸಲೇಬೇಕು, ಇಲ್ಲದಿದ್ದರೆ ಸೀಳುತ್ತದೆ. ಕಾಂಪೌಂಡಿನ ಆಚೆಯಿಂದ “ಸಾರ್, ಠೀಂ ಬಂತು” ಎಂದು ಅವರು ಕೂಗಿದ್ದರಿಂದ ಎರಡು ತಗಡು ಉಳಿದಿವೆ. ಮಧ್ಯಾಹ್ನ ಎರಡರಿಂದ ನಾಲ್ಕು ಅನಧ್ಯಯನ.

ಕಾಲಿನ ಪ್ರಕರಣ

ಕಾಲಿನವರೆಗೆ ಯಾರೂ ಬರುವುದಿಲ್ಲ. ಕೆಲ್ಲಿಯೂ ಬರಲಿಲ್ಲ. ತಲೆಗೆ, ಎದೆಗೆ, ಬೆನ್ನಿಗೆಲ್ಲ ದಪ್ಪ ಕಬ್ಬಿಣವಿದ್ದ ಅವನ ಕಾಲುಗಳು ಬರಿದಾಗಿದ್ದವು. ಪೊಲೀಸರು ಅಲ್ಲಿಗೇ ಗುಂಡು ಹೊಡೆದು ಕೆಡವಿದರು. ಕನ್ನಡ ಭಾಷೆಯೇ ಈ ಕೊರತೆಯನ್ನು ತುಂಬಿಕೊಂಡಂತಿದೆ: ಹಳೆಯ ಕಾವ್ಯಗಳಲ್ಲಿ ‘ಜೋಡು’ ಎಂದರೆ ಯೋಧನ ಮೈಗವಚ, ಇವತ್ತು ಬಾಗಿಲ ಹೊರಗೆ ಬಿಡುವ ಕಾಲಿನ ಜೋಡು. ನನ್ನ ಕವಚದ ಕಾಲಿನ ಭಾಗ ಹವಾಯಿ ಚಪ್ಪಲಿ.

ಪರೀಕ್ಷಾ ಪ್ರಕರಣ

ಕವುಚಿದ್ದು ಕವಚವಾದರೆ, ಮಗುಚಿದ ಕವಚ ಮತ್ತೆ ಪಾತ್ರೆಯಾಗಬೇಕಷ್ಟೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಪಾತ್ರೆಗೆ ಬರ. ಸೈನಿಕರ ಉಕ್ಕಿನ ಶಿರಸ್ತ್ರಾಣಗಳಿಗೆ ತೂತು ಕೊರೆದು ಜರಡಿ, ಹಿಡಿಕೆ ಹಚ್ಚಿ ಪಾತ್ರೆ ಮಾಡಿಕೊಂಡರು. ಅಮೆರಿಕದ ಸಿಪಾಯಿಗಳು ಯುದ್ಧ ನಡೆಯುತ್ತಿರುವಾಗಲೇ ತಮ್ಮದನ್ನು ಮಗುಚಿ ಮುಖ ತೊಳೆಯುತ್ತಿದ್ದರು. ಒಳಗಿನ ಟೊಪ್ಪಿಗೆ ಬೇರೆಯೇ ಇದ್ದುದರಿಂದ ಹೊರಚಿಪ್ಪು ಬರೀ ಬೋಗುಣಿ.

ನನ್ನ ಹಿತ್ತಾಳೆ ಶಿರಸ್ತ್ರಾಣ ಮುಗಿದ ದಿನ ಅದನ್ನು ಕತ್ತಿಯಿಂದ ಹೊಡೆದು ನೋಡಲಿಲ್ಲ. ಮೂಲಪುರುಷನ ಮಾರ್ಗದಲ್ಲೇ ಉತ್ತಮೋತ್ತಮವೆಂದು ತೀರ್ಮಾನಿಸಿ, ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಅಡುಗೆಮನೆಯ ಕಟ್ಟೆಯ ಮೇಲೆ ಆರಲು ಕವುಚಿಟ್ಟಿದ್ದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ಅದನ್ನು ಮಗುಚಿ, ಸಿಂಬೆ ತೆಗೆದು, ಮೂಗುಪಟ್ಟಿಯನ್ನು ಹಿಡಿಕೆಯಂತೆ ಹಿಡಿದು, ಪಾವಿನಲ್ಲಿ ರಾಗಿ ಅಳೆದು ಸುರಿಯುತ್ತಿದ್ದರು. ಹತ್ತು ಪಾವು ಹಿಡಿಯಿತು. ಎಡಗಡೆಯ ಎರಡು ಪಟ್ಟಿಗಳ ಸಂದಿನಿಂದ ರಾಗಿ ಸಣ್ಣಗೆ ಎಳೆಯಾಗಿ ಕಟ್ಟೆಯ ಮೇಲೆ ಇಳಿಯುತ್ತಿತ್ತು. ಅಮ್ಮ ಬೆರಳಿನಿಂದ ಆ ಸಂದನ್ನು ಮುಚ್ಚಿ, ಬಿಟ್ಟು, ಮತ್ತೆ ಮುಚ್ಚಿ ನೋಡಿದರು. ರಿವೆಟ್ಟುಗಳನ್ನು ಒಂದೊಂದಾಗಿ ಉಗುರಿನಿಂದ ಮುಟ್ಟಿದರು.

“ಸಂದಿಗೆ ಬೆಸುಗೆ ಹಾಕಿಸು. ಒಳಗೆ ಕಲಾಯಿ ಮಾಡಿಸು, ಇಲ್ಲದಿದ್ರೆ ಹುಳಿ ಕಿಲುಬುತ್ತೆ. ಮಾಡಿಸ್ಕೊಂಡು ಬಂದ್ರೆ ಇದನ್ನ ನಾನಿಟ್ಕೋತೀನಿ,” ಎಂದರು. “ಅಟ್ಟದ ಮೇಲಿನ ತಪ್ಪಲೆ ಬೇಕಾದ್ರೆ ನೀನು ತಗೊಂಡು ಹೋಗು.”